ಅರೆನೆರಳಿನ ಹಂಬು

ಬಾಲ್ಕನಿಯ ಕೈತೋಟದಲ್ಲಿ ಗಿಡಗಳ ಆಯ್ಕೆ ಆರಂಭವಾಗುವುದು ಬಿಸಿಲಿನ ಲೆಕ್ಕದಿಂದ. ಬೆಂಗಳೂರಿನ ಮಟ್ಟಿಗೆ ಈ ಲೆಕ್ಕವು ಮೇಲ್ನೋಟಕ್ಕೆ ತೋರುವುದಕ್ಕಿಂತ ಹೆಚ್ಚು ಸ್ವಾರಸ್ಯಕರವಾಗಿದೆ. ನಗರವು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇರುವುದರಿಂದ ಸೂರ್ಯನು ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ, ನಡುಹಗಲಿಗೆ ನೇರ ನೆತ್ತಿಯ ಮೇಲೆ ಬರುತ್ತಾನೆ, ಮತ್ತು ಆ ಎರಡರ ನಡುವಿನ ಅವಧಿಯಲ್ಲಿ ದಿನವಿಡೀ ಉತ್ತರದ ಕಡೆಯಲ್ಲೇ ಉಳಿಯುತ್ತಾನೆ. ಹೀಗಾಗಿ ದಕ್ಷಿಣಕ್ಕೆ ಮುಖಮಾಡಿದ ಬಾಲ್ಕನಿಗೆ ಜೂನ್ ತಿಂಗಳಲ್ಲಿ ನೇರ ಬಿಸಿಲಿನ ಒಂದು ತುಣುಕೂ ಸಿಗುವುದಿಲ್ಲ. ಅದೇ ಬಾಲ್ಕನಿಯಲ್ಲಿ ಡಿಸೆಂಬರಿನ ನಡುಹಗಲ ಬಿಸಿಲು 54 ಡಿಗ್ರಿಗಳಷ್ಟು ಓರೆಯಾಗಿ ಬಿದ್ದು, ಒಂಬತ್ತು ಅಡಿ ಎತ್ತರದ ಸೂರಿನ ಕೆಳಗೆ ಆರಡಿಗೂ ಹೆಚ್ಚು ಒಳಕ್ಕೆ ನುಗ್ಗಿ ಬಾಗಿಲ ಹೊಸ್ತಿಲನ್ನು ದಾಟುತ್ತದೆ. ಉತ್ತರದ ಬಾಲ್ಕನಿಯಲ್ಲಿ ಇದು ತಿರುವುಮುರುವು. ದಕ್ಷಿಣವೇ ಬಿಸಿಲಿನ ದಿಕ್ಕು ಎಂದು ಶೀತವಲಯದ ತೋಟಗಾರಿಕೆಯ ಪುಸ್ತಕಗಳು ಹೇಳುವ ಮಾತನ್ನು ಇಲ್ಲಿ ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ತಲೆಕೆಳಗಾಗಿ ಓದಿಕೊಳ್ಳಬೇಕಾಗುತ್ತದೆ.

ದಿನಕ್ಕೆ ಮೂರರಿಂದ ಆರು ತಾಸು ನೇರ ಬಿಸಿಲು ಬಿದ್ದು ಉಳಿದ ಹೊತ್ತು ಬರೀ ಬೆಳಕಿರುವ ಜಾಗವನ್ನು ತೋಟಗಾರರು ಅರೆನೆರಳು ಎನ್ನುತ್ತಾರೆ. ಹತ್ತು–ಹನ್ನೊಂದು ಗಂಟೆಯವರೆಗೆ ಎಳೆಬಿಸಿಲು ಬೀಳುವ ಪೂರ್ವದ ಬಾಲ್ಕನಿ ಇದಕ್ಕೆ ಒಳ್ಳೆಯ ಮಾದರಿ. ಬೆಳಕನ್ನು ಅಳೆಯುವ ವಿಷಯದಲ್ಲಿ ಮನುಷ್ಯನ ಕಣ್ಣನ್ನು ನಂಬುವಂತಿಲ್ಲ, ಏಕೆಂದರೆ ಅದರ ಪಾಪೆಯು ಬೆಳಕಿಗೆ ತಕ್ಕಂತೆ ಹಿಗ್ಗಿ ಕುಗ್ಗುವುದರಿಂದ, ನಡುಹಗಲಿನ ಒಂದು ಲಕ್ಷ ಲಕ್ಸ್ ಬೆಳಕಿಗೂ ಗೋಡೆಯ ಮರೆಯ ಎರಡು ಮೂರು ಸಾವಿರ ಲಕ್ಸ್ ಬೆಳಕಿಗೂ ಇರುವ ಅಗಾಧ ಅಂತರವು ಅದಕ್ಕೆ ಅಲ್ಪವಾಗಿಯೇ ತೋರುತ್ತದೆ. ಬಿಳಿ ಹಾಳೆಯೊಂದರ ಮೇಲೆ ಅಂಗೈಯನ್ನು ಹಿಡಿದು ಅದರ ನೆರಳನ್ನು ನೋಡುವ ಹಳೆಯ ಪರೀಕ್ಷೆಯೇ ಮೇಲು: ನೆರಳಿನ ಅಂಚು ಸ್ಪಷ್ಟವಾಗಿದ್ದರೆ ಹೂಬಳ್ಳಿಗೆ ಆಸೆಪಡಬಹುದು, ಮಸುಕಾಗಿದ್ದರೆ ಎಲೆಯ ಬಳ್ಳಿಗೆ ತೃಪ್ತರಾಗಬೇಕು, ನೆರಳೇ ಮೂಡದಿದ್ದರೆ ಅಲ್ಲಿ ಕುರ್ಚಿಯನ್ನಿಡುವುದು ಲೇಸು.

ಬೆಳಕಿನ ನಂತರ ಗಮನಿಸಬೇಕಾದದ್ದು ಬಳ್ಳಿಯು ಹತ್ತುವ ರೀತಿ. ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಬಳ್ಳಿಗಳ ಚಲನೆಯನ್ನು ಕುರಿತು ದೀರ್ಘ ಪ್ರಬಂಧವೊಂದನ್ನು ಪ್ರಕಟಿಸಿದನು. ಕೋಣೆಯಲ್ಲೇ ಉಳಿಯಬೇಕಾಗಿದ್ದ ದಿನಗಳಲ್ಲಿ ಕುಂಡದೊಳಗಿನ ಹಾಪ್ ಬಳ್ಳಿಯನ್ನು ಹಗಲಿರುಳು ನೋಡುತ್ತ ಕುಳಿತ ಅವನಿಗೆ, ಅದರ ಕುಡಿಯು ಸುಮಾರು ಎರಡು ತಾಸಿಗೊಮ್ಮೆ ಗಾಳಿಯಲ್ಲಿ ಒಂದು ಪೂರ್ಣ ಸುತ್ತು ತಿರುಗುತ್ತ ಆಸರೆಯನ್ನು ಅರಸುವುದು ಕಂಡುಬಂತು. ಶಂಖಪುಷ್ಪವು ಇಂಥ ಸುತ್ತುಬಳ್ಳಿಗಳ ಗುಂಪಿಗೆ ಸೇರಿದ್ದು, ಅದಕ್ಕೆ ದಾರವೋ ತೆಳುವಾದ ಕಂಬಿಯೋ ಬೇಕೇ ಹೊರತು ದಪ್ಪ ಕಂಬವನ್ನು ತಬ್ಬುವ ಶಕ್ತಿ ಅದರ ಎಳೆಯ ಕುಡಿಗಿಲ್ಲ. ಹಾಗಲದಂಥವು ಸುರುಳಿಯಾಗುವ ಎಳೆತಂತುಗಳಿಂದ ಬಲೆಯನ್ನು ಹಿಡಿದು ಹತ್ತುತ್ತವೆ. ವೀಳ್ಯದೆಲೆ, ಕಾಳುಮೆಣಸು, ಮನಿ ಪ್ಲಾಂಟ್‌ಗಳು ಗೆಣ್ಣುಗಳಿಂದ ಹೊರಡುವ ಅಂಟುಬೇರುಗಳಿಂದ ಒರಟಾದ, ತೇವವಿರುವ ಮೈಗೆ ಅಂಟಿಕೊಳ್ಳುತ್ತವೆ. ನುಣುಪಾದ ಸ್ಟೀಲ್ ಸರಳುಗಳಿಗೆ ಈ ಕೊನೆಯ ಗುಂಪಿನ ಬಳ್ಳಿಯನ್ನು ಕಟ್ಟಿ, ಅದು ಹತ್ತುತ್ತಿಲ್ಲವೆಂದು ಗೊಬ್ಬರ ಸುರಿಯುವ ದೃಶ್ಯವನ್ನು ಯಾವ ವಸತಿ ಸಮುಚ್ಚಯದಲ್ಲಾದರೂ ಕಾಣಬಹುದು.

ಕೆಲವನ್ನು ಮನಸ್ಸು ಗಟ್ಟಿಮಾಡಿಕೊಂಡು ಬಿಡಲೇಬೇಕಾಗುತ್ತದೆ. ಮಲ್ಲಿಗೆಯ ಆಸೆ ಕನ್ನಡದ ಮನೆಗಳಲ್ಲಿ ಸಹಜವಾದರೂ, ಬಿಸಿಲು ಸಾಲದ ಕಡೆ ಅದು ಎಲೆಯನ್ನು ತುಂಬಿಕೊಂಡು ಮೊಗ್ಗನ್ನು ಮರೆಯುತ್ತದೆ. ಕಾಗದದ ಹೂವಿನ ಗಿಡದ್ದೂ ಅದೇ ಕಥೆ, ಜೊತೆಗೆ ಇಕ್ಕಟ್ಟಿನಲ್ಲಿ ಮುಳ್ಳಿನ ಉಪದ್ರವ. ಮೈಸೂರಿನ ಹೆಸರನ್ನೇ ಹೊತ್ತ ಥನ್‌ಬರ್ಜಿಯಾ ಮೈಸೊರೆನ್ಸಿಸ್ ಪಶ್ಚಿಮಘಟ್ಟದ ಬಳ್ಳಿ; ಹಳದಿ ಮತ್ತು ಕಂದುಗೆಂಪು ಹೂಗಳು ಮಾಲೆಯಾಗಿ ಇಳಿಬಿದ್ದು ಸೂರಕ್ಕಿಗಳನ್ನು ಕರೆಯುವ ಆ ಸೊಬಗಿಗೆ ತಲೆಗಿಂತ ಎತ್ತರದ ಚಪ್ಪರವೇ ಬೇಕು.

ಅರೆನೆರಳಿನ ಬಾಲ್ಕನಿಗೆ ವೀಳ್ಯದೆಲೆಗಿಂತ ಒಪ್ಪುವ ಬಳ್ಳಿ ಮತ್ತೊಂದು ಇರಲಾರದು. ಅಡಿಕೆ ತೋಟದಲ್ಲಿ ಮರದ ಕಾಂಡವನ್ನೇ ಆಸರೆಯಾಗಿಸಿಕೊಂಡು, ಮೇಲಿನ ಗರಿಗಳಿಂದ ಸೋಸಿ ಬರುವ ಬೆಳಕಿನಲ್ಲಿ ಬೆಳೆಯುವ ಅದಕ್ಕೆ ನೆರಳು ಕೊರತೆಯಲ್ಲ, ಹುಟ್ಟುಗುಣ. ಸುಡುಬಿಸಿಲಿನಲ್ಲಿ ಎಲೆ ಹಳದಿಗೆ ತಿರುಗಿ ಒರಟಾದರೆ, ನೆರಳಿನಲ್ಲಿ ಅಗಲವಾಗಿ, ಮೃದುವಾಗಿ ಬರುತ್ತದೆ. ಮೂರು ನಾಲ್ಕು ಗೆಣ್ಣಿರುವ ಕಡ್ಡಿಯನ್ನು ಮಳೆಗಾಲದ ಆರಂಭದಲ್ಲಿ ನೆಟ್ಟು, ತೆಂಗಿನ ನಾರನ್ನು ಸುತ್ತಿದ ಕೋಲೊಂದನ್ನು ಪಕ್ಕದಲ್ಲಿ ನಿಲ್ಲಿಸಿ, ಬೇರಿನ ಬುಡಕ್ಕಷ್ಟೇ ಅಲ್ಲದೆ ಆ ನಾರಿಗೂ ನೀರು ಚಿಮುಕಿಸುತ್ತಿದ್ದರೆ, ಪ್ರತಿ ಗೆಣ್ಣೂ ನಾರಿನೊಳಗೆ ಬೇರಿಳಿಸುತ್ತ ಮೇಲೇರುತ್ತದೆ. ನೀರು ನಿಂತರೆ ಮಾತ್ರ ಬುಡ ಕೊಳೆಯುತ್ತದೆ. ಆದಕಾರಣ ಕೆಂಪುಮಣ್ಣಿಗೆ ತೆಂಗಿನ ನಾರಿನ ಪುಡಿಯನ್ನೂ ಎರೆಗೊಬ್ಬರವನ್ನೂ ಬೆರೆಸಿ ಮಣ್ಣನ್ನು ಸಡಿಲಗೊಳಿಸುವುದು ವಾಡಿಕೆ, ಇದರಿಂದ ಕುಂಡದ ಭಾರವೂ ಇಳಿಯುತ್ತದೆ. ಊಟದ ನಂತರ ಕೈಚಾಚಿ ಎಲೆ ಕೀಳುವ ಸುಖಕ್ಕೆ ಸುಣ್ಣ–ಅಡಿಕೆಯ ಅಭ್ಯಾಸವಿರಲೇಬೇಕೆಂದಿಲ್ಲ. ಎಳೆಯ ಎಲೆಯನ್ನು ಕಿವುಚಿದಾಗ ಬೆರಳಿಗೆ ಅಂಟುವ ಘಮವೇ ಸಾಕು.

ಅದೇ ಕುಟುಂಬದ ಕಾಳುಮೆಣಸು ಇನ್ನೊಂದು ಚಮತ್ಕಾರವನ್ನು ತೋರುತ್ತದೆ. ಅದರ ಮುಖ್ಯ ಹಂಬು ಬೇರೂರುತ್ತ ಮೇಲೇರುವಂಥದ್ದು, ಪಕ್ಕದ ಕವಲುಗಳು ಹತ್ತದೆ ಅಡ್ಡಕ್ಕೆ ಚಾಚಿ ಕಾಳು ಬಿಡುವಂಥವು. ಈ ಪಕ್ಕದ ಕವಲನ್ನು ಕತ್ತರಿಸಿ ಬೇರು ಬರಿಸಿದರೆ ಅದು ಬಳ್ಳಿಯ ಸ್ವಭಾವವನ್ನೇ ತೊರೆದು ಕುಂಡದಲ್ಲಿ ಗಿಡ್ಡ ಪೊದೆಯಾಗಿ ನಿಂತು ಕಾಳು ಕೊಡುತ್ತದೆ. ಪೊದೆಮೆಣಸು ಎಂದು ಕರೆಯಲಾಗುವ ಇದಕ್ಕೆ ಆಸರೆಯ ಹಂಗಿಲ್ಲ.

ಮನಿ ಪ್ಲಾಂಟ್ ತೀರ ಸಾಮಾನ್ಯವೆಂಬ ತಾತ್ಸಾರಕ್ಕೆ ಗುರಿಯಾದದ್ದು ನ್ಯಾಯವಲ್ಲ. ಶಾಂತಸಾಗರದ ಮೊ‌ಒರೆಯಾ ದ್ವೀಪದಿಂದ ಹೊರಟು ಲೋಕವನ್ನೆಲ್ಲ ಹಬ್ಬಿದ ಈ ಬಳ್ಳಿಯು ಕೆಳಕ್ಕೆ ಇಳಿಬಿದ್ದಾಗ ಎಲೆಯನ್ನು ಕಿರಿದಾಗಿಸುತ್ತದೆ, ಮೇಲಕ್ಕೆ ಹತ್ತಿದಾಗ ಹಿರಿದಾಗಿಸುತ್ತದೆ. ದೊಡ್ಡ ಮರವನ್ನೇರಿದ ಬಳ್ಳಿಯ ಎಲೆಗಳು ಅಡಿಯುದ್ದವನ್ನು ಮೀರಿ ಅಂಚಿನಲ್ಲಿ ಸೀಳಿಕೊಳ್ಳುವುದನ್ನು ಕಂಡವರು ಅದು ಅದೇ ಬಳ್ಳಿಯೆಂದು ನಂಬುವುದಿಲ್ಲ.

ಹೂವೇ ಬೇಕೆನ್ನುವವರಿಗೆ ಹೋಯಾ ಇದೆ. ಮೇಣದಲ್ಲಿ ಎರಕ ಹೊಯ್ದಂತೆ ಕಾಣುವ ನಕ್ಷತ್ರಾಕಾರದ ಹೂಗಳನ್ನು ಚೆಂಡಿನಂತೆ ಗೊಂಚಲಾಗಿ ಬಿಡುವ ಈ ಬಳ್ಳಿಗೆ ಮುಂಜಾನೆಯ ಎಳೆಬಿಸಿಲು ಸಾಕಾಗುತ್ತದೆ, ದಪ್ಪನೆಯ ಎಲೆಗಳಲ್ಲಿ ನೀರನ್ನು ಕೂಡಿಟ್ಟುಕೊಳ್ಳುವುದರಿಂದ ವಾರದ ಪ್ರವಾಸವನ್ನೂ ತಾಳಿಕೊಳ್ಳುತ್ತದೆ. ಹೂ ಉದುರಿದ ಮೇಲೆ ಉಳಿಯುವ ಬೋಳು ತೊಟ್ಟನ್ನು ಕಸವೆಂದು ಚಿವುಟಬಾರದು, ಏಕೆಂದರೆ ಮುಂದಿನ ಸಲದ ಗೊಂಚಲು ಸಾಮಾನ್ಯವಾಗಿ ಆ ತೊಟ್ಟಿನ ತುದಿಯಲ್ಲಿಯೇ ಮೂಡುತ್ತದೆ.