ಹೊಗೆ ಆರಿದ ಹಂಚಿನ ಕಾರ್ಖಾನೆ

ಮಂಗಳೂರಿನ ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಒಂದು ಕಾಲಕ್ಕೆ ಹಂಚಿನ ಕಾರ್ಖಾನೆಗಳ ಸಾಲೇ ಇತ್ತು. ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹಂಚು ದೋಣಿಯಲ್ಲೇ ಬಂದರಿಗೆ ಹೋಗುತ್ತಿತ್ತು. ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಅವರು ಮೊದಲ ಕಾರ್ಖಾನೆ ತೆರೆದದ್ದು ಜೆಪ್ಪುವಿನಲ್ಲಿ, 1865ರಲ್ಲಿ. ತಾರಸಿ ಮನೆಗಳು ಹೆಚ್ಚಿದಂತೆ ಹೆಚ್ಚಿನವು ಬಾಗಿಲು ಹಾಕಿದವು.

ಅಂಥದೊಂದರ ಒಳಹೊಕ್ಕರೆ ಮೊದಲು ಕಾಣುವುದು ಖಾಲಿ ಮರದ ಅಟ್ಟಣಿಗೆಗಳು. ಅಚ್ಚಿನಿಂದ ತೆಗೆದ ಹಸಿ ಹಂಚು ಇಲ್ಲಿ ನೆರಳಲ್ಲಿ ಒಣಗಬೇಕಿತ್ತು. ಅವಸರದಲ್ಲಿ ಬೆಂಕಿಗಿಟ್ಟರೆ ಸೀಳುತ್ತದೆ. ಆಚೆ ಭಟ್ಟಿ. ಅದರ ಕಮಾನಿನ ಇಟ್ಟಿಗೆಗಳು ಬೆಂಕಿ ತಿಂದು ಗಾಜಿನಂತೆ ಹೊಳೆಯುತ್ತವೆ. ಪಕ್ಕದಲ್ಲೇ ಚಿಮಣಿ, ಬಿರುಕು ಬಿಟ್ಟಿದ್ದರೆ ಅದರ ಬುಡದಲ್ಲಿ ನಿಲ್ಲಬೇಡಿ. ಮಾಲೀಕರ ಅನುಮತಿ ಪಡೆದು, ಹಿರಿಯರ ಜೊತೆಗೇ ಹೋಗಿ.

ಬಿದ್ದ ಹಂಚೊಂದನ್ನು ತಿರುವಿ ನೋಡಿ. ‘1865’ ಎಂದಿದ್ದರೆ ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚಿನ ವಯಸ್ಸಲ್ಲ! ಕಂಪೆನಿಯ ಹೆಸರೂ ಅಚ್ಚಾಗಿರುತ್ತದೆ. ಮಣ್ಣು ಹದಮಾಡಿದವರ, ತಲೆಯ ಮೇಲೆ ಹಂಚು ಹೊತ್ತ ಹೆಂಗಸರ ಹೆಸರು ಎಲ್ಲೂ ಇಲ್ಲ. ಅವರಲ್ಲಿ ಕೆಲವರು ಈಗ ಅಜ್ಜಿಯರಾಗಿ ಇದೇ ಊರಲ್ಲಿದ್ದಾರೆ. ಮಕ್ಕಳೇ, ನೋಟುಪುಸ್ತಕ ಹಿಡಿದು ಅವರಲ್ಲಿಗೂ ಒಮ್ಮೆ ಹೋಗಿ ಬನ್ನಿ.