ಬಂಗಾರದ ನಾಣ್ಯದ ಮೇಲೊಂದು ಕೋಟೆ

ಬಂಗಾರ ಅಂದ ಕೂಡಲೇ ನಮ್ಮ ಕಿವಿ ನೆಟ್ಟಗಾಗುತ್ತದೆ, ಅಲ್ಲವೇ? ಅದಕ್ಕೇ ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಜರ್ಮನಿ ದೇಶ 2011ರಲ್ಲಿ ಒಂದು ಸ್ಮಾರಕ ನಾಣ್ಯ ಹೊರಡಿಸಿತು. ತೂಕ 15.55 ಗ್ರಾಂ. ಅಂದರೆ ನಮ್ಮ ಎರಡು ಪವನಿಗೆ ಅರ್ಧ ಗ್ರಾಂನಷ್ಟು ಕಡಿಮೆ. ಬಳೆ, ಸರದ ಹಾಗೆ ತಾಮ್ರ ಬೆರೆತದ್ದಲ್ಲ, ಅಪರಂಜಿ! ಮೇಲೆ 100 ಯೂರೋ ಅಂತ ಅಚ್ಚಾಗಿದ್ದರೂ ಚಿನ್ನದ ಬೆಲೆಯೇ ಅದರ ಎಷ್ಟೋ ಪಟ್ಟು. ಅದನ್ನು ಕೊಟ್ಟು ಯಾರಾದರೂ ತರಕಾರಿ ತಂದಾರೇ? ಡಬ್ಬಿಯಲ್ಲಿಟ್ಟು ಬೀಗ ಹಾಕೋದೇ ಸರಿ.

ಅದರ ಮೇಲಿರುವುದು ವಾರ್ಟ್‌ಬುರ್ಗ್ ಕೋಟೆಯ ಚಿತ್ರ. 1999ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕೋಟೆ. ಬನ್ನಿ, ಒಳಗೆ ಹೋಗಿ ನೋಡೋಣ.

ಐಸೆನಾಖ್ ಎಂಬ ಊರಿನ ಮೇಲೆ ಕಾಡುಗುಡ್ಡ, ಗುಡ್ಡದ ತುದಿಯಲ್ಲಿ ಕೋಟೆ. ಕೊನೆಯ ಏರು ಕಡಿದು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹತ್ತಬೇಕು! ಒಂದು ಕಡೆ ಮರದ ಹಲಗೆಯ ಪುಟ್ಟ ಕೋಣೆ. 1521ರಲ್ಲಿ ಮಾರ್ಟಿನ್ ಲೂಥರ್ ತಲೆಮರೆಸಿಕೊಂಡಿದ್ದು ಇಲ್ಲೇ. ಹೊಸ ಒಡಂಬಡಿಕೆಯನ್ನು ಜನರ ಜರ್ಮನ್ ಮಾತಿಗೆ ತಂದದ್ದೂ ಇಲ್ಲೇ.

ಆದರೆ ನಿಮ್ಮನ್ನು ತಡೆದು ನಿಲ್ಲಿಸುವುದು ಇನ್ನೊಂದು ಕೋಣೆ. ಗೋಡೆ, ಚಾವಣಿಯ ತುಂಬ ಗಾಜಿನ ಚೂರುಗಳ ಚಿತ್ರ, ಎಲ್ಲೆಲ್ಲೂ ಹೊಂಬಣ್ಣದ ಝಗಝಗ. 1902ರಿಂದ 1906ರವರೆಗೆ ಕೂರಿಸಿದ ಕೆಲಸ. ಅದರಲ್ಲಿರುವುದು ಈ ಮನೆಯ ಸೊಸೆ ಎಲಿಸಬೆತ್‌ಳ ಕಥೆ.

ಹಂಗೇರಿಯ ರಾಜಕುಮಾರಿ ಆಕೆ. ನಾಲ್ಕು ವರ್ಷದ ಕೂಸಾಗಿದ್ದಾಗಲೇ ಭಾವೀ ಅತ್ತೆಮನೆಗೆ ಬಂದಳು. 1221ರಲ್ಲಿ, ಹದಿನಾಲ್ಕಕ್ಕೆ, ಲುಡ್ವಿಗ್ ದೊರೆಯೊಡನೆ ಮದುವೆ. 1226ರಲ್ಲಿ ಬರ ಬಂತು, ಗಂಡ ಊರಲ್ಲಿರಲಿಲ್ಲ. ಅರಮನೆಯ ಕಣಜ ತೆರೆಸಿ ಹಸಿದವರಿಗೆ ಹಂಚಿಬಿಟ್ಟಳು! ಹಿಂತಿರುಗಿದ ಗಂಡ ಬೈಯಲಿಲ್ಲ, ಬೆಂಬಲಕ್ಕೆ ನಿಂತ.

ಜನ ಹೇಳುವ ಕಥೆ ಬೇರೆ. ಬುಟ್ಟಿಯಲ್ಲಿ ರೊಟ್ಟಿ ಬಚ್ಚಿಟ್ಟುಕೊಂಡು ಹೋಗುತ್ತಿದ್ದಾಗ ‘ಏನದು?’ ಅಂತ ತಡೆದರಂತೆ, ಬಟ್ಟೆ ಸರಿಸಿದರೆ ಬರೀ ಗುಲಾಬಿಯಂತೆ! ಅಡಿಗೆಮನೆಯಿಂದ ಒಂದು ಸೇರು ಅಕ್ಕಿಯನ್ನು ಯಾರಿಗೂ ತಿಳಿಯದಂತೆ ಕೊಟ್ಟವರಿಗೆ ಆ ಎದೆಬಡಿತ ಗೊತ್ತು, ಅಲ್ಲವೇ?

1227ರಲ್ಲಿ ಯುದ್ಧಯಾತ್ರೆಗೆ ಹೊರಟ ಗಂಡ ದಾರಿಯಲ್ಲೇ ತೀರಿಕೊಂಡ. ಇಪ್ಪತ್ತು ವರ್ಷದ ವಿಧವೆ, ಮೂರು ಮಕ್ಕಳು. ಈ ಕೋಟೆಯ ಬಾಗಿಲು ದಾಟಿ ಹೊರಟಳು. ತನ್ನ ಪಾಲಿಗೆ ಬಂದ ಹಣದಲ್ಲಿ ಮಾರ್ಬುರ್ಗ್ ಊರಲ್ಲಿ ಆಸ್ಪತ್ರೆ ಕಟ್ಟಿಸಿ, ರೋಗಿಗಳ ಸೇವೆ ಮಾಡುತ್ತ 1231ರಲ್ಲಿ ಕಣ್ಣುಮುಚ್ಚಿದಳು. ಆಗ ವಯಸ್ಸು ಬರೀ 24. ನಾಲ್ಕೇ ವರ್ಷದಲ್ಲಿ ಪೋಪರು ಆಕೆಯನ್ನು ಸಂತಳೆಂದು ಸಾರಿದರು.

‘ಚಿನ್ನ ಆಪತ್ಕಾಲಕ್ಕೆ ಆಗುತ್ತೆ’ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ನಿಜವೇ, ತನ್ನದೆಂಬ ಪಾಲು ಕೈಲಿದ್ದದ್ದರಿಂದಲೇ ಎಲಿಸಬೆತ್ ಆಸ್ಪತ್ರೆ ಕಟ್ಟಿಸಿದಳು. ಆದರೆ ಯಾರ ಆಪತ್ತಿಗೆ ಅನ್ನೋದನ್ನು ಆಕೆ ತನ್ನೊಬ್ಬಳಿಗೇ ಕಟ್ಟಿಹಾಕಲಿಲ್ಲ, ನೋಡಿ. ಮುಂದಿನ ಸಲ ಬೀರು ತೆರೆದು ಒಡವೆ ಡಬ್ಬಿ ಮುಟ್ಟಿದಾಗ, ಆ ರೊಟ್ಟಿ ಬುಟ್ಟಿಯನ್ನೂ ಒಮ್ಮೆ ನೆನೆಸಿಕೊಳ್ಳಿ.