ನೆತ್ತಿಯ ಕಿಟಕಿ

ಕಾಸರಗೋಡಿನಲ್ಲಿ ಬೆಳಗಿನ ಕತ್ತಲಿಗೇ ಪರಶುರಾಮ್ ಎಕ್ಸ್‌ಪ್ರೆಸ್ ಹತ್ತಿದ್ದೆ. ಎರ್ನಾಕುಳಂನಲ್ಲಿ ಇಳಿಯುವಾಗ ಊಟದ ಹೊತ್ತು ಮೀರಿತ್ತು. ಅಣ್ಣನ ಮಗಳು ನನ್ನನ್ನು ನೇರ ವೈಟ್ಟಿಲದ ಜೆಟ್ಟಿಗೆ ಕರೆದುಕೊಂಡು ಹೋದಳು. 2023ರಲ್ಲಿ ಶುರುವಾದ ವಾಟರ್ ಮೆಟ್ರೋ ದೋಣಿ ಬ್ಯಾಟರಿಯಲ್ಲಿ ಓಡುತ್ತದೆ. ಎಂಜಿನ್ನಿನ ಗದ್ದಲವಿಲ್ಲ, ಹೊಗೆಯಿಲ್ಲ. ಎರಡೂ ದಡದಲ್ಲಿ ತೆಂಗಿನ ಮರಗಳು ಹಿಂದೆ ಸರಿಯುತ್ತಿದ್ದವು, ಮುಂದೆ ಕಾಕ್ಕನಾಡಿನ ಗಾಜಿನ ಕಟ್ಟಡಗಳು.

ಅವಳು ಅಲ್ಲಿ ಮೆಡಿಕಲ್ ಕೋಡರ್. ಅಮೆರಿಕದ ಆಸ್ಪತ್ರೆಗಳ ಕಡತ ಓದಿ, ಡಾಕ್ಟರು ಬರೆದ ಒಂದೊಂದು ಕಾಯಿಲೆಗೂ ಸಂಕೇತ ಹಾಕುವ ಕೆಲಸ. ಈಗ ಅವಳ ಪಾಲಿಗೆ ಬಂದಿರುವುದು ನವಜಾತ ಶಿಶುಗಳ ಕಡತ. ಕಡತದ ಒಂದಕ್ಷರವನ್ನೂ ಹೊರಗಿನವರಿಗೆ ತೋರಿಸುವಂತಿಲ್ಲ, ಕೆಲಸದ ಕೋಣೆಯೊಳಗೆ ಮೊಬೈಲ್ ಕೂಡ ಒಯ್ಯುವಂತಿಲ್ಲ. ಹಾಗಾಗಿ ದೋಣಿಯಲ್ಲಿ ಕುಳಿತು ನನ್ನ ಡೈರಿಯ ಹಿಂಬದಿಯಲ್ಲಿ ಒಂದು ಮೆದುಳು ಬಿಡಿಸಿದಳು.

"ಅತ್ತೇ, ಅವಧಿಗೆ ಮೊದಲೇ ಹುಟ್ಟಿದ ಮಗುವಿನ ಮೆದುಳಿನಲ್ಲಿ ಒಂದು ಸಸಿಮಡಿ ಇರುತ್ತದೆ. ಮೆದುಳಿನ ಜೀವಕೋಶಗಳು ಹುಟ್ಟುವುದು ಅಲ್ಲಿ. ಅಲ್ಲಿನ ರಕ್ತನಾಳಗಳು ಎಷ್ಟು ತೆಳು ಎಂದರೆ, ರಕ್ತದೊತ್ತಡ ಕೊಂಚ ಏರಿಳಿದರೂ ಒಡೆಯಬಹುದು. ತಾಯಿಯ ಹೊಟ್ಟೆಯಲ್ಲಿ ದಿನ ತುಂಬುವಷ್ಟರಲ್ಲಿ ಆ ಸಸಿಮಡಿ ತಾನಾಗಿಯೇ ಕರಗಿಹೋಗುತ್ತದೆ. ಬೇಗ ಬಂದ ಮಕ್ಕಳಿಗೆ ಮಾತ್ರ ಅಷ್ಟು ಸಮಯ ಸಿಕ್ಕಿರುವುದಿಲ್ಲ."

ರಕ್ತಸ್ರಾವ ಆಗುವುದಿದ್ದರೆ ಹೆಚ್ಚಾಗಿ ಮೊದಲ ಮೂರು ದಿನಗಳಲ್ಲಿ. ಅದನ್ನು ನೋಡುವುದು ಹೇಗೆ ಎಂದು ಕೇಳಿದೆ. ಅವಳು ತನ್ನ ನೆತ್ತಿ ಮುಟ್ಟಿ ತೋರಿಸಿದಳು. ನನಗೆ ಮೈ ಜುಮ್ಮೆಂದಿತು. ನಮ್ಮ ಮನೆಯಲ್ಲಿ ಅಜ್ಜಿ ಬಾಣಂತಿ ಕೋಣೆಯಲ್ಲಿ ಕುಳಿತು, ಇನ್ನೂ ಕೂಡದ ನೆತ್ತಿಗೆ ಬೆರಳ ತುದಿಯಲ್ಲಿ ಎಣ್ಣೆ ಒತ್ತುತ್ತಿದ್ದದ್ದು ಅದೇ ಜಾಗಕ್ಕೆ. ಮೂಳೆ ಇಲ್ಲದ ಆ ಮೆತ್ತನೆಯ ತಾಣದ ಮೇಲೆ ಸ್ಕ್ಯಾನಿನ ಪ್ರೋಬ್ ಇಟ್ಟರೆ ಒಳಗಿನ ಮೆದುಳು ಪರದೆಯ ಮೇಲೆ ಕಾಣುತ್ತದಂತೆ. ಅಜ್ಜಿ ಅಷ್ಟು ಜೋಪಾನ ಮಾಡುತ್ತಿದ್ದ ಜಾಗ ಒಂದು ಕಿಟಕಿಯೂ ಹೌದು!

1978ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲೂ ಆನ್ ಪಪೀಲ್ ಮತ್ತು ಸಂಗಡಿಗರು 1500 ಗ್ರಾಂಗಿಂತ ಕಡಿಮೆ ತೂಕದ 46 ಶಿಶುಗಳಿಗೆ ಸಿ.ಟಿ. ಸ್ಕ್ಯಾನ್ ಮಾಡಿದ ಅಧ್ಯಯನವನ್ನು ಪ್ರಕಟಿಸಿದರು. 20 ಶಿಶುಗಳ ಮೆದುಳಿನಲ್ಲಿ ರಕ್ತ ಕಂಡಿತ್ತು. ಅವರು ಮಾಡಿದ ನಾಲ್ಕು ಗ್ರೇಡ್‌ಗಳೇ ಇಂದು ಅವಳ ಪರದೆಯ ಮೇಲಿವೆ. ರಕ್ತ ಸಸಿಮಡಿಯಲ್ಲೇ ನಿಂತರೆ ಸಂಕೇತ ಪಿ52.0. ಮೆದುಳಿನೊಳಗಿನ ನೀರಿನ ಕೋಣೆಗೆ ಇಳಿದರೆ ಪಿ52.1. ಆ ಕೋಣೆ ಹಿಗ್ಗಿದರೆ ಪಿ52.21. ಮೆದುಳಿನ ತಿರುಳಿನಲ್ಲೂ ರಕ್ತ ಕಂಡರೆ ಪಿ52.22. ಡಾಕ್ಟರು ಗ್ರೇಡ್ ಬರೆಯದೆ ಬರೀ 'ಮೆದುಳಿನ ಕೋಣೆಯಲ್ಲಿ ರಕ್ತಸ್ರಾವ' ಎಂದು ಬಿಟ್ಟರೆ ಪಿ52.3ಕ್ಕೆ ಹೋಗಿ ಬೀಳುತ್ತದೆ. ತಾನಾಗಿ ಕರಗಿಹೋಗಬಹುದಾದ ರಕ್ತದ ಚುಕ್ಕೆ, ಬದುಕಿನುದ್ದ ಕಾಡಬಹುದಾದ ಗಾಯ, ಎರಡೂ ಆಗ ಒಂದೇ ಅಂಕಿ.

"ಹೆರಿಗೆಯ ಪೆಟ್ಟಿನಿಂದ ಆದದ್ದಾದರೆ ಅದು ಪಿ52 ಅಲ್ಲವೇ ಅಲ್ಲ, ಪಿ10. ಯಾವುದರಿಂದ ಆಯಿತು ಎಂದು ಡಾಕ್ಟರು ಬರೆದಿರಬೇಕು, ನಾನು ಊಹಿಸುವಂತಿಲ್ಲ."

"ಬರೆಯದಿದ್ದರೆ?"

"ಕ್ವೆರಿ ಕಳಿಸುತ್ತೇವೆ. ಅದರಲ್ಲೂ ಉತ್ತರವನ್ನು ಅವರ ಬಾಯಿಗೆ ತುರುಕುವ ಹಾಗಿಲ್ಲ. ಗ್ರೇಡ್ ಮೂರೇ ತಾನೇ ಎಂದು ಕೇಳಿದರೆ ತಪ್ಪು. ಸ್ಕ್ಯಾನಿನಲ್ಲಿ ಹೀಗಿದೆ, ದಯವಿಟ್ಟು ಸ್ಪಷ್ಟಪಡಿಸಿ, ಅಷ್ಟೇ."

ಈ ಸಂಕೇತಗಳು ತಾಯಿಯ ಕಡತಕ್ಕೆ ಎಂದೂ ಹೋಗುವುದಿಲ್ಲವಂತೆ. ಜೊತೆಗೆ ತೂಕಕ್ಕೊಂದು, ಗರ್ಭದ ವಾರಕ್ಕೊಂದು ಸಂಕೇತ. 28 ವಾರಕ್ಕೆ ಹುಟ್ಟಿದರೆ ಪಿ07.31. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಮಗು ಇಷ್ಟು ಅಂಕಿಗಳನ್ನು ಹೊತ್ತಿರುತ್ತದೆ. 1893ರಲ್ಲಿ ಷಿಕಾಗೋದಲ್ಲಿ ಜಾಕ್ ಬರ್ಟಿಲಾನ್ ಮುಂದಿಟ್ಟ ಸಾವಿನ ಕಾರಣಗಳ ಪಟ್ಟಿಯಿಂದ ಬೆಳೆದ ವಿದ್ಯೆ ಇದು. ಸಾವಿನ ಲೆಕ್ಕ ಬದುಕಿನ ಲೆಕ್ಕವೂ ಆದದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಂಡಿತು.

ಮರುದಿನ ವಂಚಿನಾಡ್ ಎಕ್ಸ್‌ಪ್ರೆಸ್ಸಿನಲ್ಲಿ ತಿರುವನಂತಪುರಕ್ಕೆ ಹೊರಟೆವು. ಅವಳ ಗೆಳತಿಯೊಬ್ಬಳ ಮಗು 29 ವಾರಕ್ಕೇ ಹುಟ್ಟಿತ್ತು, ಅವತ್ತು ತಪಾಸಣೆ ಇತ್ತು. ಮೆಡಿಕಲ್ ಕಾಲೇಜಿನ ಆವರಣದಲ್ಲಿ ಮೊದಲು ಎದುರಾದದ್ದು ಎಸ್.ಎ.ಟಿ. ಆಸ್ಪತ್ರೆ, ಶ್ರೀ ಅವಿಟ್ಟಂ ತಿರುನಾಳ್. ಅದು ಆರನೆಯ ವಯಸ್ಸಿಗೇ ತೀರಿಕೊಂಡ ತಿರುವಿದಾಂಕೂರಿನ ರಾಜಕುಮಾರನ ಹೆಸರು. ತಾಯಂದಿರ, ಮಕ್ಕಳ ಆಸ್ಪತ್ರೆಗೆ ಕಳೆದುಹೋದ ಒಂದು ಮಗುವಿನ ಹೆಸರು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ.

2020ರ ಸರ್ಕಾರಿ ಲೆಕ್ಕದಲ್ಲಿ ಸಾವಿರ ಶಿಶುಗಳಲ್ಲಿ ಮೊದಲ ವರ್ಷದೊಳಗೆ ತೀರಿಕೊಂಡವರು ದೇಶದಲ್ಲಿ 28, ಕೇರಳದಲ್ಲಿ 6. ಮಗು ಉಳಿಯುತ್ತದೆಯೇ ಎಂಬ ಪ್ರಶ್ನೆ ಹಿಂದಾದಲ್ಲಿ, ಹೇಗೆ ಬೆಳೆಯುತ್ತದೆ ಎಂಬುದು ಮುಂದೆ ಬರುತ್ತದೆ. ಅದಕ್ಕೆಂದೇ ಇದೇ ಆವರಣದಲ್ಲಿ 1987ರಲ್ಲಿ ಡಾ. ಎಂ.ಕೆ.ಸಿ. ನಾಯರ್ ಕಟ್ಟಿದ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್ ಇದೆ. ಅಲ್ಲಿ ರೂಪುಗೊಂಡ ತಿರುವನಂತಪುರದ ಬೆಳವಣಿಗೆ ಚಾರ್ಟ್ ಒಂದು ಪುಟದ್ದು, 17 ಕೆಲಸಗಳು: ನಗುವುದು, ಕತ್ತು ನಿಲ್ಲಿಸುವುದು, ಬೋರಲಾಗುವುದು, ಎರಡು ಮಾತು ಆಡುವುದು, ಗೊಂಬೆಯ ಕಣ್ಣು ಮೂಗು ತೋರಿಸುವುದು. ಮಗುವಿನ ವಯಸ್ಸಿನ ಮೇಲೆ ಒಂದು ಪೆನ್ಸಿಲನ್ನು ನೆಟ್ಟಗೆ ಇಟ್ಟರಾಯಿತು. ಪೆನ್ಸಿಲಿನ ಎಡಕ್ಕೆ ಪೂರ್ತಿ ಉಳಿದ ಗೆರೆಯ ಕೆಲಸವನ್ನು ಮಗು ಇನ್ನೂ ಮಾಡದಿದ್ದರೆ ಬೆಳವಣಿಗೆ ತಡವಾಗಿದೆ ಎಂದು ಲೆಕ್ಕ. ಇಷ್ಟಕ್ಕೆ ಯಂತ್ರ ಬೇಡ, ಕರೆಂಟು ಬೇಡ.

ಗೆಳತಿಯ ಮಗುವಿಗೆ ಒಂಬತ್ತು ತಿಂಗಳು. ಆದರೆ ಪೆನ್ಸಿಲ್ ಇಡುವುದು ಒಂಬತ್ತರ ಮೇಲಲ್ಲ. ಬೇಗ ಬಂದ 11 ವಾರ ಕಳೆದು, ಆರೂವರೆಯ ಹತ್ತಿರ. ಹೊಟ್ಟೆಯಲ್ಲಿ ಇರಬೇಕಾಗಿದ್ದ ದಿನಗಳನ್ನು ಚಾರ್ಟ್ ಮಗುವಿಗೆ ಮರಳಿ ಕೊಡುತ್ತದೆ. ನಿನ್ನೆ ಇಡೀ ದಿನ ಅಂಕಿಗಳ ಮಾತಾಡಿದ್ದ ಅಣ್ಣನ ಮಗಳು ಈಗ ಉಸಿರು ಬಿಗಿಹಿಡಿದಿದ್ದಳು.

ಮಗುವಿನ ಬಲಗೈಗೆ ಕೆಂಪು ಗಿಲಕಿ ಕೊಟ್ಟರು. ಅದು ಗಿಲಕಿಯನ್ನು ಬಾಯಿಗೆ ಒಯ್ದಿತು, ತೆಗೆದು ನೋಡಿತು, ಆಮೇಲೆ ನಿಧಾನವಾಗಿ ಎಡಗೈಗೆ ದಾಟಿಸಿತು. ಕಡತದಲ್ಲಿ ಒಂದು ಸಾಲು ಸೇರಿತು. ತಾಯಿ ಮಗುವಿನ ಕೈಯಿಂದ ಗಿಲಕಿ ಬಿಡಿಸಿಕೊಂಡು, ಮತ್ತೆ ಬಲಗೈಗೇ ಇಟ್ಟಳು. ನಾವು ಮೂವರೂ ಇನ್ನೊಮ್ಮೆ ನೋಡಲು ಬಗ್ಗಿದೆವು.